ಮೆಹಂದಿಯಲ್ಲ, ಮ್ಯಾಂಗನೀಸ್

ಹಸಿ ಸುಣ್ಣದ ವಾಸನೆ ಬಂದರೆ ಬೇರೆಯವರಿಗೆ ಹಬ್ಬ ನೆನಪಾಗುತ್ತದೋ ಏನೋ. ನನಗೆ ನೆನಪಾಗುವುದು ತಾವರಗೇರಾದ ಸಂತೆ. ಒಂದು ವಾರ ನನ್ನ ಮಾನ ಮಣ್ಣುಪಾಲಾಗಿ, ಮುಂದಿನ ವಾರ ಬಾಜಾಬಜಂತ್ರಿ ಸಮೇತ ಮನೆಗೆ ಮರಳಿದ ಆ ಒಂದು ಮುಂಗಾರು. ಮೊನ್ನೆ ಗಂಗಾವತಿಯಿಂದ ಬಸ್ಸು ಹತ್ತಿ ತಾವರಗೇರಾಕ್ಕೆ, ರಜಿಯಾಳ ಮನೆಗೆ ಹೋಗಿದ್ದೆ. ಗೋಡೆಗೆ ಆಗಷ್ಟೇ ಸುಣ್ಣ ಬಳಿದಿದ್ದರು. ಬಾಗಿಲಲ್ಲೇ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಚಪ್ಪಲಿ ಬಿಡುವುದನ್ನೂ ಮರೆತು ನಿಂತುಬಿಟ್ಟೆ.

ಆ ವರ್ಷ ನಾನು ಆ ಭಾಗದ ಒಂದು ಸರ್ಕಾರಿ ಪಿಯು ಕಾಲೇಜಿಗೆ ರಸಾಯನಶಾಸ್ತ್ರ ಕಲಿಸಲು ಹೋಗಿದ್ದೆ. ನಾನು ಹುಟ್ಟಿ ಬೆಳೆದದ್ದು ಶ್ರೀರಾಮನಗರದ ಕಡೆ. ಕಾಲುವೆ ನೀರು, ಭತ್ತದ ಗದ್ದೆ, ಒಂದೇ ವಾಕ್ಯದಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ತಾವರಗೇರಾ ಅದಕ್ಕೆ ತದ್ವಿರುದ್ಧ. ಮಳೆ ಬಂದರೆ ಸಜ್ಜೆ, ತೊಗರಿ. ಬರದಿದ್ದರೆ ಬರೀ ಗಾಳಿ. ಜೂನ್ ತಿಂಗಳ ಆ ಗಾಳಿಗೆ ಸೀರೆಯ ಸೆರಗು ನನ್ನ ಮಾತೂ ಕೇಳುತ್ತಿರಲಿಲ್ಲ, ಮಕ್ಕಳ ಮಾತೂ ನನಗೆ ಕೇಳುತ್ತಿರಲಿಲ್ಲ.

ಪ್ರಾಚಾರ್ಯರಾಗಿದ್ದ ಶರಣಪ್ಪ ಸರ್ ತಣ್ಣಗಿನ ಮನುಷ್ಯ. ಮನೆಗೆ ಬೆಂಕಿ ಬಿದ್ದರೂ ಚಹಾ ಮುಗಿಸಿಯೇ ಏಳುವವರು. ಮಿರಗದ, ಅಂದರೆ ಮೃಗಶಿರಾದ, ಮೊದಲ ಮಳೆ ಬಿದ್ದ ದಿನ ನನ್ನನ್ನು ಕರೆದು ಕೂರಿಸಿಕೊಂಡು ಹೇಳಿದರು.

"ಮೇಡಂ, ಈ ಸಲ ಸೈನ್ಸಿಗೆ ಹುಡುಗ್ರು ಬರಲಿಲ್ಲಂದ್ರ ಫಸ್ಟ್ ಇಯರ್ ಸೈನ್ಸ್ ಬಂದ್ ಆಗ್ತೈತ್ರಿ. ಬೇಕಾದವರು ಕುಷ್ಟಗಿಗೆ ಹೋಗ್ಲಿ ಅಂತ ಮ್ಯಾಲಿನವರು ಅಂದಾರ."

"ಗಂಡುಹುಡುಗ್ರು ಬಸ್ಸಿಗೆ ಜೋತುಬಿದ್ದಾದ್ರೂ ಹೋಗ್ತಾರ್ರಿ ಸರ್. ಹೆಣ್ಣುಮಕ್ಕಳು?"

"ಅವರು ಆರ್ಟ್ಸ್ ತಗೋತಾರ. ಇಲ್ಲಾ ಮನಿಯಾಗ ಕೂಡ್ತಾರ."

ಆ "ಇಲ್ಲಾ ಮನಿಯಾಗ ಕೂಡ್ತಾರ" ಎಂಬ ಮಾತನ್ನು ಅವರು ಎಷ್ಟು ಸಲೀಸಾಗಿ ಆಡಿದರೆಂದರೆ, ನನಗೆ ಮೈಯೆಲ್ಲಾ ಉರಿದುಹೋಯಿತು. ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ನಾನೂ ಮನೆಯಲ್ಲಿ ಕೂಡಬೇಕಾಗಿದ್ದ ಹುಡುಗಿಯೇ. ನಾಟಿ ಮಾಡುವ ಅವ್ವ ಹಟ ಹಿಡಿದು ಓದಿಸಿದ್ದಕ್ಕೆ ಇಲ್ಲಿ ಕುರ್ಚಿಯ ಮೇಲೆ ಕೂತಿದ್ದೆ.

ಆ ಹೊತ್ತಿಗೆ ರಜಿಯಾ ಪರಿಚಯವಾಗಿದ್ದಳು. ಹತ್ತನೆಯ ತರಗತಿಯಲ್ಲಿ ಊರಿಗೇ ಹೆಚ್ಚು ಅಂಕ ತೆಗೆದವಳು. ಅಪ್ಪ ಕಾಸಿಮಸಾಬ್ ಬಸ್‌ಸ್ಟ್ಯಾಂಡ್ ಎದುರಿಗೆ ಟೇಲರ್. ಮಗಳಿಗೆ ಆರ್ಟ್ಸ್ ಎಂದು ಅವರು ತೀರ್ಮಾನಿಸಿ ಆಗಿತ್ತು. "ಬರೇ ಲ್ಯಾಬ್ ನೋಡಿ ಹೋಗ್ತೀನ್ರಿ ಮೇಡಂ" ಎಂದು ಒಂದು ದಿನ ಬಂದವಳು ದಿನವೂ ಬರತೊಡಗಿದಳು. ಜೊತೆಗೆ ಗೆಳತಿ ಹುಲಿಗೆವ್ವ. ಬೀಕರುಗಳ ಧೂಳು ಒರೆಸುವ ನೆವದಲ್ಲಿ ರಜಿಯಾ ಒಂದೊಂದು ಬಾಟಲಿಯ ಹೆಸರನ್ನೂ ಓದುವಳು. ಈ ಹುಡುಗಿ ಸೈನ್ಸ್ ಓದದಿದ್ದರೆ ನಾನು ಕಲಿತದ್ದು ದಂಡ ಎಂದು ಮನಸ್ಸಿನಲ್ಲೇ ಆಣೆ ಮಾಡಿದೆ. ಸೈನ್ಸ್ ಊರಲ್ಲೇ ಉಳಿಯಬೇಕು, ಅವಳು ಅದಕ್ಕೆ ಸೇರಬೇಕು. ಎರಡರಲ್ಲಿ ಒಂದಾದರೂ ತಪ್ಪಿದರೆ ಇನ್ನೊಂದು ದಕ್ಕುವಂತಿರಲಿಲ್ಲ.

ಮನೆಮನೆಗೆ ಹೋದರೆ ಜನ ಚಹಾ ಕೊಟ್ಟು ಕಳಿಸುತ್ತಿದ್ದರು. "ಸೈನ್ಸ್ ಕಠಿಣ ಐತ್ರಿ, ನಮ್ಮ ಮಕ್ಕಳಿಗಲ್ಲ." ಹಾಗಾದರೆ ಮಕ್ಕಳನ್ನು ಸೈನ್ಸಿನ ಹತ್ತಿರವಲ್ಲ, ಸೈನ್ಸನ್ನೇ ಜನರ ಹತ್ತಿರ ಒಯ್ಯುತ್ತೇನೆ ಎಂದು ಸಂತೆಯ ದಿನ ಬೇವಿನ ಮರದ ಕೆಳಗೆ ಟೇಬಲ್ ಹಾಕಿದೆ. ಒಂದು ಕಡೆ ಉಳ್ಳಾಗಡ್ಡಿ ಮಾರುವ ಬಸಪ್ಪಜ್ಜ, ಇನ್ನೊಂದು ಕಡೆ ಒಣಮೆಣಸಿನಕಾಯಿ ರಾಶಿ, ನಡುವೆ ಎಂಎಸ್ಸಿ ಕಲಿತ ನಾನು.

ತೋರಿಸಹೊರಟಿದ್ದು ಬಹಳ ಸುಂದರವಾದ ಪ್ರಯೋಗ. ಪೊಟ್ಯಾಸಿಯಂ ಪರ್ಮಾಂಗನೇಟ್ ಎಂಬ ನೇರಳೆ ಹರಳು. ನಮ್ಮ ಜನಕ್ಕೆ ಅದು ಲಾಲ್ ದವಾ, ಎತ್ತಿಗೆ ಕಾಲುಬೇನೆ ಬಂದರೆ ಗೊರಸು ತೊಳೆಯುವ ಔಷಧ. ಕಾಸ್ಟಿಕ್ ಸೋಡಾದ ನೀರಿನಲ್ಲಿ ಅದರ ಒಂದು ಹರಳು ಕರಗಿಸಿ ತುಸು ಸಕ್ಕರೆ ನೀರು ಹಾಕಿದರೆ, ನೇರಳೆ ನೀಲಿಯಾಗುತ್ತದೆ, ನೀಲಿ ಹಸಿರಾಗುತ್ತದೆ, ಹಸಿರು ಕೊನೆಗೆ ಕಂದಾಗುತ್ತದೆ. ಒಳಗಿರುವ ಲೋಹ ಒಂದೇ, ಮ್ಯಾಂಗನೀಸ್. ಅದರ ಉತ್ಕರ್ಷಣ ಸ್ಥಿತಿ ಒಂದೊಂದೇ ಮೆಟ್ಟಿಲು ಇಳಿದಂತೆ ಬಣ್ಣ ಬದಲಾಗುತ್ತದೆ. ಪುಸ್ತಕದಲ್ಲಿ ಇದನ್ನು ಗೋಸುಂಬೆಗೆ ಹೋಲಿಸುತ್ತಾರೆ.

ಜನ ಸೇರಿದರು. ಸೇರಿದ್ದು ಸೈನ್ಸ್ ನೋಡಲು ಅಲ್ಲ. ಒಬ್ಬಾತ ಮುಂದೆ ಬಂದು ಕೇಳಿಯೇಬಿಟ್ಟ:

"ಇದು ಯಾವ ರೋಗಕ್ಕರೀ? ಸಕ್ಕರಿ ಹಾಕಾಕ ಹತ್ತೀರಿ, ಶುಗರಿಗೆ ಬರ್ತೈತೇನು?"

"ಔಷಧ ಅಲ್ರೀ, ಬರೇ ನೋಡೂದು" ಎಂದು ಗಂಟಲು ಹರಿದುಕೊಂಡೆ. ಸಕ್ಕರೆ ನೀರು ಸುರಿದೆ. ನೀಲಿ ಬರಲಿಲ್ಲ. ಹಸಿರೂ ಬರಲಿಲ್ಲ. ನೇರಳೆ ನೀರು ಸುಮ್ಮನೆ ನಿಂತು, ಯೋಚನೆ ಮಾಡಿ, ಮೆಲ್ಲಗೆ ಕಂದಾಗಿ ಕೂತಿತು. ಬಸಪ್ಪಜ್ಜ ತಕ್ಕಡಿ ಕೆಳಗಿಟ್ಟು ಗ್ಲಾಸಿನೊಳಗೆ ಇಣುಕಿ ನೋಡಿದ.

"ಯವ್ವಾ, ಇಷ್ಟೆಲ್ಲಾ ಸಾಮಾನು ಹೊತ್ತು ತಂದು ಕಡೀಗೆ ಚಾ ಮಾಡಿದಿ ಅಲ್ಲ! ನಮ್ಮ ಹೋಟೆಲ್ ಹುಸೇನಿ ಇದಕ್ಕಿಂತ ಲಗೂ ಮಾಡ್ತಾನ."

ಸಂತೆಗೆ ಸಂತೆಯೇ ನಕ್ಕಿತು. ಅಂದಿನಿಂದ ನಾನು ಚಾ ಮೇಡಂ. ಹಿಂದಿನಿಂದ ಇನ್ನೊಂದು ದನಿ, "ಪ್ಯಾಟಿ ಬಾಟ್ಲ್ಯಾಗ ಏನ್ ಇರತೈತೋ ಯಾಂವ ಕಂಡಾನ, ಎಲ್ಲಾ ಕಣ್ಕಟ್ಟು" ಎಂದಿತು. ನಗುವಿಗಿಂತ ಆ ಮಾತೇ ನನಗೆ ಹೆಚ್ಚು ಚುಚ್ಚಿತು.

ಲ್ಯಾಬಿಗೆ ಬಂದು ನೋಡಿದರೆ ಕಾಸ್ಟಿಕ್ ಸೋಡಾದ ಬಾಟಲಿಯ ಮುಚ್ಚಳ ಸಡಿಲ. ಬೇಸಿಗೆಯಿಡೀ ಗಾಳಿ ಕುಡಿದು ಒಳಗಿನ ಹರಳೆಲ್ಲಾ ಬಿಳಿ ಗಡ್ಡೆಯಾಗಿ, ಕಾಸ್ಟಿಕ್ ಹೋಗಿ ಬಟ್ಟೆ ಸೋಡಾ ಆಗಿತ್ತು. ಅದರ ಕ್ಷಾರ ಈ ಪ್ರಯೋಗಕ್ಕೆ ಸಾಲದು. ಕುಷ್ಟಗಿಯಿಂದ ಹೊಸ ಬಾಟಲಿ ತರಿಸಬಹುದಿತ್ತು. ಆದರೆ "ಪ್ಯಾಟಿ ಬಾಟ್ಲಿ" ಎಂಬ ಮಾತು ಕಿವಿಯಲ್ಲಿ ಗುಂಯ್ಗುಡುತ್ತಿತ್ತು. ಇಲ್ಲ, ಪ್ಯಾಟಿಯದು ಬೇಡ. ಇವರ ಮಣ್ಣಿನಿಂದಲೇ ಕಾಸ್ಟಿಕ್ ತೆಗೆದು ಇವರ ಕಣ್ಣಿಗೇ ತೋರಿಸುತ್ತೇನೆ ಎಂದು ಹಟ ಹತ್ತಿತು.

ಹೊಳೆದದ್ದು ಅವ್ವನ ಒಗ್ಯಾಣ. ನಮ್ಮ ಕಾಲುವೆ ಸೀಮೆಯಲ್ಲಿ ನೀರು ನಿಂತೂ ನಿಂತೂ ಕೆಲವು ಗದ್ದೆಗಳ ಮೇಲೆ ಬಿಳಿ ಪದರ ಏಳುತ್ತದೆ. ಅದಕ್ಕೆ ಚೌಡು ಎನ್ನುತ್ತೇವೆ. ಚೌಡು ಹಿಡಿದ ನೆಲ ಬೆಳೆಗೆ ಬಾರದು. ಆದರೆ ಆ ಮಣ್ಣು ಕದಡಿದ ನೀರಿನಲ್ಲಿ ಅವ್ವ ಒಗೆದ ಬಟ್ಟೆ ಬೆಳ್ಳಕ್ಕಿಯಂತಾಗುತ್ತಿತ್ತು. ಆ ಬಿಳುಪು ಅದೇ ಬಟ್ಟೆ ಸೋಡಾ. ಅದಕ್ಕೆ ಸುಣ್ಣ ಕೂಡಿಸಿ ಕುದಿಸಿದರೆ ಕಾಸ್ಟಿಕ್. ಪಾಠ ಮಾಡುವಾಗ ನೂರು ಸಲ ಹಲಗೆಯ ಮೇಲೆ ಬರೆದ ಸಮೀಕರಣ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಅನ್ನುತ್ತಾರೆಯೇ!

"ರಜಿಯಾ, ಇಲ್ಲೆಲ್ಲರೆ ಚೌಡು ಐತೇನು?"

"ಚೌಡು ಅಂದ್ರೇನ್ರಿ?"

"ಬೆಳ್ಳಗ ಉಪ್ಪಿನಂಗ ಏಳ್ತೈತಲ್ಲ, ಆ ಮಣ್ಣು."

"ಅಯ್ಯ, ಸವಳು ಅನ್ರಿ! ಹಳ್ಳದ ದಂಡಿ ತುಂಬ ಐತಿ" ಎಂದು ಹುಲಿಗೆವ್ವ ಕುಣಿದಳು. "ನಮ್ಮ ಎಮ್ಮಿ ಅದನ್ನ ನೆಕ್ಕಾಕ ಓಡಿ ಹೋಗ್ತೈತಿ."

ಬುಟ್ಟಿಗಟ್ಟಲೆ ಸವಳು ತಂದೆವು. ನೀರಲ್ಲಿ ಕದಡಿ, ತಿಳಿ ಬಸಿದು, ಒಲೆಯ ಮೇಲಿಟ್ಟು ಬತ್ತಿಸಿದರೆ ಉಳಿದದ್ದು ಬೆಲ್ಲದ ಬಣ್ಣದ ಹಿಟ್ಟು. ನನ್ನ ಮುಖ ಸಪ್ಪಗಾಯಿತು. ಮಣ್ಣಿನೊಳಗಿನ ಕಸಕಡ್ಡಿಯ ರಸ ಅದು. ಇದ್ದರೆ ಪರ್ಮಾಂಗನೇಟನ್ನು ಅದೇ ತಿಂದುಹಾಕುತ್ತದೆ, ಸಕ್ಕರೆಗೆ ಏನೂ ಉಳಿಸದು. ಹುಲಿಗೆವ್ವ ಮನೆಯಿಂದ ರೊಟ್ಟಿ ಹಂಚು ತಂದಳು. ಹಂಚು ಕೆಂಪಗೆ ಕಾಯುವವರೆಗೆ ಹುರಿದೆವು. ಹೊಗೆ ಎದ್ದಿತು, ಕಪ್ಪಾಯಿತು, ಕಡೆಗೆ ಬೆಳ್ಳಗೆ ಉಳಿಯಿತು. ಅದನ್ನು ಕರಗಿಸಿ ಸೋಸಿ, ಸುಣ್ಣದ ಕಲ್ಲಿಗೆ ನೀರು ಚಿಮುಕಿಸಿದಾಗ ಅದು ಭುಸ್ ಎಂದು ಅರಳಿ ಲ್ಯಾಬಿನ ತುಂಬ ಹರಡಿತಲ್ಲ, ಅದೇ ಮೊನ್ನೆ ಬಾಗಿಲಲ್ಲಿ ಬಡಿದ ವಾಸನೆ. ಎರಡನ್ನೂ ಕೂಡಿಸಿ ಸ್ಟೀಲ್ ಪಾತ್ರೆಯಲ್ಲಿ ಕುದಿಸಿ ಇಳಿಸಿ ತಿಳಿಯಲು ಬಿಟ್ಟೆ. ಆ ಕೆಲಸ ನನ್ನದೇ. ಕಾಸ್ಟಿಕ್ ಚರ್ಮ ಸುಡುವ ವಸ್ತು. ಹುಡುಗಿಯರು ಅದರ ಹತ್ತಿರ ಬಂದರೆ ಗದರಿಸುತ್ತಿದ್ದೆ. ಅವರ ಪಾಲಿಗೆ ಬಿಟ್ಟದ್ದು ನೇರಳೆ ಹರಳು ಮಾತ್ರ.

ಸವಳಿನ ನೀರಿಗೆ ಹರಳು ಬಿದ್ದಿತು, ಸಕ್ಕರೆ ಬಿದ್ದಿತು. ನೇರಳೆ. ನೀಲಿ. ಆಮೇಲೆ, ಅಬ್ಬಬ್ಬಾ, ಹಸಿರು! ಮಳೆ ಬಿದ್ದ ಮೇಲೆ ಸಜ್ಜೆ ಹೊಲಕ್ಕೆ ಬರುವ ಹಸಿರು. ಮೂವರೂ ಕೂಗಿದ ಕೂಗಿಗೆ ಶರಣಪ್ಪ ಸರ್ ಚಹಾ ಬಿಟ್ಟು ಓಡಿಬಂದರು. ಅವರು ಚಹಾ ಅರ್ಧಕ್ಕೆ ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ಖುಷಿಯಲ್ಲಿ ರಜಿಯಾ ಮತ್ತೆ ಮತ್ತೆ ಮಾಡಿದಳು. ಚಿಮಟಿಯಿಂದ ಹಿಡಿ ಎಂದರೂ ಕೇಳದೆ ಹರಳನ್ನು ಬರಿಗೈಯಲ್ಲೇ ಹಿಡಿದಳು. ಬೆವರಿದ ಬೆರಳಿಗೆ ಪರ್ಮಾಂಗನೇಟ್ ತಾಕಿದರೆ ಚರ್ಮದಲ್ಲೇ ಕಂದು ಬಣ್ಣ ಕೂರುತ್ತದೆ. ಬೆರಳ ತುದಿಯೆಲ್ಲ ಕಂದು, ಅಂಗೈಯ ನಡುವೆ ಕಂದು ಚಂದ್ರ. "ತಾನಾಗಿ ಹೋಗ್ತೈತಿ ಬಿಡು" ಎಂದು ಕಳಿಸಿದೆ.

ಮರುದಿನ ಬೆಳಿಗ್ಗೆ ಕಾಸಿಮಸಾಬರು ಕೊರಳಲ್ಲಿ ಅಳತೆ ಪಟ್ಟಿ ಜೋತಾಡುತ್ತಿದ್ದಂತೆಯೇ ಲ್ಯಾಬಿಗೆ ನುಗ್ಗಿದರು. ಹಿಂದೆ ತಲೆ ತಗ್ಗಿಸಿ ರಜಿಯಾ.

"ಮೇಡಮ್ಮಾರ, ನನ್ನ ಮಗಳ ಕೈ ಏನ್ ಮಾಡೀರಿ? ಊರ ತುಂಬ ರಜಿಯಾಂದು ಮಂಗ್ನಿ ಆತು ಅಂತ ಸುದ್ದಿ! ನಮಾಜಿಗೆ ಹೋದ್ರ ಮುಬಾರಕ್ ಅಂತಾರ. ಅಂಗಡ್ಯಾಗ ಕುಂತ್ರ ಮಿಠಾಯಿ ಎಲ್ಲಿ ಅಂತಾರ. ಗಂಗಾವತ್ಯಾಗಿರೋ ನಮ್ಮ ಅಕ್ಕ ಫೋನ್ ಮಾಡಿ ಅಳಾಕ ಹತ್ತ್ಯಾಳ, ನನಗ ಹೇಳದ ಮೆಹಂದಿ ಹಚ್ಚಿದ್ಯಾ ಅಂತ!"

ಕಂದು ಕಲೆ ನೋಡಿ ಊರು ನಿಶ್ಚಿತಾರ್ಥವನ್ನೇ ಮಾಡಿ ಮುಗಿಸಿತ್ತು. ನನಗೆ ನಗು ಬಂತು, ನುಂಗಿಕೊಂಡೆ. ಅವರಿಗೆ ನಗು ಬರುವ ಸ್ಥಿತಿ ಇರಲಿಲ್ಲ.

"ಅದು ಮೆಹಂದಿ ಅಲ್ರಿ, ಮ್ಯಾಂಗನೀಸ್."

"ಯಾವ ನೀಸರೆ ಇರಲಿ! ಹೆಣ್ಣುಹುಡುಗಿ ಹೆಸರು ಇದು. ಸಾಕು. ನಾಳಿ ಆರ್ಟ್ಸಿಗೆ ಹೆಸರು ಹಚ್ಚಿ ಬರ್ತೀನಿ, ಇಕಿ ಮತ್ತ ಈ ಖೋಲಿಗೆ ಬರೂದಿಲ್ಲ."

ನನ್ನ ನಾಲಿಗೆ ತುದಿಗೆ ಖಾರದ ಮಾತು ಬಂದಿತ್ತು. ಅಷ್ಟರಲ್ಲಿ ರಜಿಯಾ ನನ್ನ ಊಟದ ಡಬ್ಬಿಯಲ್ಲಿದ್ದ ಅರ್ಧ ಲಿಂಬೆಹಣ್ಣು ತೆಗೆದುಕೊಂಡಳು. ಹಿಂದಿನ ದಿನ ಕಂದು ನೀರಿಗೆ ಲಿಂಬೆ ಹಿಂಡಿ ಬಣ್ಣವನ್ನೇ ಕಳೆದು ತೋರಿಸಿದ್ದೆ. ಅದನ್ನು ಅವಳು ಮರೆತಿರಲಿಲ್ಲ. ಅಪ್ಪನ ಕಣ್ಣೆದುರೇ ಅಂಗೈಗೆ ಉಜ್ಜಿದಳು. ಕಂದು ಚಂದ್ರ ಕರಗಿತು. ಬೆರಳುಗಳು ಒಂದೊಂದಾಗಿ ತೊಳೆದ ಹಾಗಾದವು.

"ಅಬ್ಬಾ, ಇಲ್ಲಿ ಮ್ಯಾಂಗನೀಸ್ ನಾಕನೇ ಮೆಟ್ಟಿಲಿಗಿತ್ತು, ಲಿಂಬಿಹಣ್ಣು ಎರಡಕ್ಕ ಇಳಿಸ್ತು" ಎಂದು ಅಪ್ಪನಿಗೆ ಹೇಳಿದಳು.

ಕಾಸಿಮಸಾಬರು ಆ ಕೈ ಹಿಡಿದು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು, ಬಟ್ಟೆಯ ನೇಯ್ಗೆ ನೋಡುವ ಹಾಗೆ.

"ಮೆಹಂದಿ ಹಿಂಗ ಹೋಗೂದಿಲ್ಲ" ಎಂದು ತಮಗೇ ಹೇಳಿಕೊಂಡರು. ನನ್ನ ಕಡೆ ತಿರುಗಿದರು. "ಮನಿಮನಿಗೆ ಹೋಗಿ ಹೇಳಾಕಾಗಂಗಿಲ್ಲ ಮೇಡಮ್ಮಾರ. ಊರಾಗ ಹಬ್ಬಿದ ಸುದ್ದಿ ಊರ ಮುಂದನ ಒರಸಬೇಕು. ಸಂತಿ ಎಂದೈತಿ?"

ಪ್ರವೇಶದ ಕೊನೆಯ ದಿನಕ್ಕೆ ಮುಂಚೆ ಉಳಿದದ್ದು ಅದೊಂದೇ ಸಂತೆ. ನಾನು ಕಾಲು ಹಿಡಿದು ಬೇಡಿದ್ದರೂ ಮಗಳನ್ನು ಟೇಬಲ್ ಮುಂದೆ ನಿಲ್ಲಿಸದ ಅಪ್ಪ, ಸುದ್ದಿ ಒರೆಸುವ ಅವಸರದಲ್ಲಿ ತಾವೇ ಅದಕ್ಕೆ ಬಟ್ಟೆ ಹೊಲಿದು ತಂದು ಹಾಸಿದರು. ಸಕ್ಕರೆಯೂ ಅವರ ಮನೆಯದೇ.

ಅಂದು ಮಂಗ್ನಿಯ ಸುದ್ದಿಯೇ ಅರ್ಧ ಜನರನ್ನು ತಂದಿತ್ತು. ನಾನು ಸ್ಟೂಲಿನ ಮೇಲೆ ಹತ್ತಿ ನಿಂತು ಗಾಳಿಗಿಂತ ಜೋರಾಗಿ ಕೂಗಿದೆ.

"ನೋಡ್ರಿ, ಪ್ಯಾಟಿ ಬಾಟ್ಲಿ ಇಲ್ಲಿಲ್ಲ! ಈ ನೀರು ನಿಮ್ಮ ಹಳ್ಳದ ಸವಳು. ಸುಣ್ಣ ನಿಮ್ಮ ಗ್ವಾಡಿದು. ಲಾಲ್ ದವಾ ನಿಮ್ಮ ಎತ್ತಿನ ಕಾಲಿಂದು. ಇನ್ನ ಕಣ್ಕಟ್ಟು ಅಂದ್ರ ಅದು ನಿಮ್ಮದ!"

"ಹಂಗಾರ ಇವತ್ತ ಹಾಲು ಹಾಕಿ ಮಾಡು ಚಾ ಮೇಡಂ" ಎಂದ ಬಸಪ್ಪಜ್ಜ. ಮತ್ತೆ ನಗು. ಸವಳಿನ ನೀರನ್ನು ಗ್ಲಾಸಿಗೆ ನಾನೇ ಸುರಿದು ಹಿಂದೆ ಸರಿದೆ. ರಜಿಯಾ ಚಿಮಟಿಯಿಂದಲೇ ಹರಳು ಹಾಕಿ ಕದಡಿದಳು. ಗ್ಲಾಸು ನೇರಳೆಯಾಯಿತು. ಸಕ್ಕರೆ ನೀರು ಸುರಿದಳು.

ನೀಲಿ ಬಂತು. ಮುಂದಿನ ಸಾಲಿನವರು ಬಗ್ಗಿದರು. ನೀಲಿಯ ಅಂಚಿನಿಂದ ಹಸಿರು ಎದ್ದು ಇಡೀ ಗ್ಲಾಸು ಹಸಿರಾಯಿತು. ಮೆಣಸಿನಕಾಯಿ ತೂಗುವ ಕೈ ನಿಂತಿತು.

"ಎಲಾ ಇವನ" ಎಂದ ಯಾವನೋ.

"ಬಣ್ಣ ಯಾಕ ಬದಲಾತು, ಅದನ್ನ ಹೇಳವ್ವಾ" ಎಂದ ಬಸಪ್ಪಜ್ಜ. ದನಿಯಲ್ಲಿ ಈಗ ಕುಹಕವಿರಲಿಲ್ಲ.

ನಾನು ಎಲೆಕ್ಟ್ರಾನು, ಉತ್ಕರ್ಷಣ, ಅಪಕರ್ಷಣ ಎಂದು ಬಾಯಿ ತೆರೆಯುವವಳಿದ್ದೆ. ರಜಿಯಾ ನನಗಿಂತ ಮೊದಲೇ ಶುರುಮಾಡಿದಳು. ಅವಳ ಕಣ್ಣು ಅಪ್ಪನ ಮೇಲಿತ್ತು.

"ಅಜ್ಜಾ, ಮ್ಯಾಂಗನೀಸ್ ಅಂದ್ರ ಏಳು ಗುಂಡಿ ಅಂಗಿ ಹಾಕ್ಕೊಂಡ ಒಬ್ಬ ಮನಶ್ಯಾ ಅಂತ ತಿಳಕೋ. ಏಳೂ ಗುಂಡಿ ಕಿತ್ತು ಹೋಗ್ಯಾವ, ಆಗ ಅಂವ ನೇರಳಿ. ಸಕ್ಕರಿ ಬಂದು ಒಂದು ಗುಂಡಿ ಹಚ್ಚಿಕೊಟ್ಟಿತು, ಹಸಿರಾದ. ಇನ್ನೆರಡು ಹಚ್ಚಿತಂದ್ರ ಕಂದು ಆಗ್ತಾನ. ಮನಶ್ಯಾ ಅವನ, ಗುಂಡಿ ಲೆಕ್ಕ ಅಷ್ಟ ಬ್ಯಾರೆ."

ಮಾತು ಮುಗಿಯುವಷ್ಟರಲ್ಲಿ ಗ್ಲಾಸು ಕಂದಾಗತೊಡಗಿತ್ತು, ಹೇಳಿ ಮಾಡಿಸಿದ ಹಾಗೆ. ಅವಳು ಅದರಲ್ಲಿ ಸ್ವಲ್ಪವೇ ಕಂದು ನೀರನ್ನು ಬೇರೆ ಗ್ಲಾಸಿಗೆ ಬಗ್ಗಿಸಿಕೊಂಡು ಲಿಂಬೆಹಣ್ಣು ಹಿಂಡಿದಳು. ಒಂದು ಸಾಲಲಿಲ್ಲ, ಎರಡು ಸಾಲಲಿಲ್ಲ. ಪಕ್ಕದ ಬುಟ್ಟಿಯವಳು ತಾನೇ ಎದ್ದು ಬೊಗಸೆ ತುಂಬ ಲಿಂಬೆ ತಂದು ಸುರಿದಳು. ಕಂದು ತಿಳಿಯಾಗುತ್ತಾ ಬಂದು, ಕೊನೆಗೆ ಲಿಂಬೆರಸದ ಮಬ್ಬು ಬಿಟ್ಟರೆ ಬಣ್ಣವೇ ಇಲ್ಲದ ನೀರು ಉಳಿಯಿತು.

"ಐದು ಗುಂಡಿ ಹಚ್ಚಿ ಆತು" ಎಂದು ಗ್ಲಾಸು ಎತ್ತಿ ಹಿಡಿದಳು. "ನನ್ನ ಕೈಯಾಗಿದ್ದದ್ದೂ ಇದ. ಮೆಹಂದಿ ಅಲ್ಲ, ಮ್ಯಾಂಗನೀಸ್!"

ಆಗ ಬಿದ್ದ ಚಪ್ಪಾಳೆಗೆ ಬೇವಿನ ಮರದ ಕಾಗೆಗಳೆಲ್ಲ ಹಾರಿದವು. ಯಾರೋ ಆ ನೀರು ಕುಡಿಯಲು ಕೈ ಚಾಚಿದರು, "ಕುಡಿಯೂದಲ್ಲರೀ!" ಎಂದು ನಾನು ಕಿತ್ತುಕೊಂಡೆ. ಬಸಪ್ಪಜ್ಜ ಎದ್ದು ಬಂದು ರಜಿಯಾಳ ತಲೆಯ ಮೇಲೆ ಕೈಯಿಟ್ಟ. "ಇದು ಚಾ ಅಲ್ಲ ಬಿಡವ್ವಾ" ಎಂದು ನನ್ನ ಕಡೆ ನೋಡಿದ. "ನನ್ನ ಮೊಮ್ಮಗಳೂ ಪಾಸಾಗ್ಯಾಳ. ನಾಳಿ ಕಳಿಸ್ತೀನಿ."

ನಾನು ಕಾಸಿಮಸಾಬರನ್ನು ಹುಡುಕಿದೆ. ಅವರು ಜನರ ನಡುವೆ ನಿಂತು, ಮೈಮೇಲಿನ ಅಂಗಿಯ ಗುಂಡಿಗಳನ್ನು ಮೇಲಿನಿಂದ ಕೆಳಗೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಕಣ್ಣು ತುಂಬಿತ್ತು.

"ನನ್ನ ಅಂಗಡ್ಯಾಗ ಕುಂತು ಕಲ್ತಾಳ್ರಿ ಗುಂಡಿ ಹಚ್ಚೂದು" ಎಂದು ಪಕ್ಕದವನಿಗೆ ಹೇಳುತ್ತಿದ್ದರು. "ನಾ ಕಲಿಸಿದ್ದು."

ಮರುದಿನ ಪ್ರಾಚಾರ್ಯರ ಕೋಣೆಯ ಮುಂದೆ ಮೊದಲು ನಿಂತವರು ಅವರೇ. ಅವರ ಹಿಂದೆ ಹುಲಿಗೆವ್ವನ ಅವ್ವ, ಬಸಪ್ಪಜ್ಜನ ಮೊಮ್ಮಗಳು, ಹೊಲದಿಂದ ನೇರ ಬಂದು ಕಾಲಿಗೆ ಕೆಸರು ಮೆತ್ತಿಕೊಂಡೇ ನಿಂತ ಅಪ್ಪಂದಿರು. ಹೊರಗೆ ಮಳೆ ಹಿಡಿದಿತ್ತು, ಒಬ್ಬರೂ ಕದಲಲಿಲ್ಲ. ಶರಣಪ್ಪ ಸರ್ ಸಹಿ ಹಾಕೀ ಹಾಕೀ ಬೆರಳು ನೆಟಿಗೆ ಮುರಿದುಕೊಳ್ಳುತ್ತಾ, "ಮೇಡಂ, ಬೆಂಚು ಸಾಲಂಗಿಲ್ರಿ, ಏನ್ ಮಾಡೂದು?" ಎಂದು ಗಾಬರಿಯಾದರು. ಅಂಥ ಗಾಬರಿ ದಿನಾ ಬರಲಿ ಎಂದೆ. ಸೈನ್ಸ್ ಉಳಿಯಿತು. ಇವತ್ತಿಗೂ ಇದೆ. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಹೊಟ್ಟೆ ತುಂಬ ನಕ್ಕ ದಿನ ಮತ್ತೊಂದಿಲ್ಲ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ಮೊನ್ನೆ ಬಾಗಿಲಲ್ಲಿ ಹಾಗೆ ನಿಂತಿದ್ದಾಗ ಕಾಸಿಮಸಾಬರೇ ಹೊರಗೆ ಬಂದರು. ಗಡ್ಡ ಬೆಳ್ಳಗಾಗಿದೆ. "ಬರ್ರಿ ಬರ್ರಿ, ಚಾ ಮೇಡಮ್ಮಾರು ಬಂದ್ರು" ಎಂದು ಮನೆ ತುಂಬಿದ ನೆಂಟರಿಗೆಲ್ಲ ಕೇಳುವಂತೆ ಕೂಗಿದರು. ರಜಿಯಾ ಈಗ ಕನಕಗಿರಿ ಕಡೆ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಓದು ಮುಗಿದು, ಕೆಲಸ ಹಿಡಿದು, ತಾನೇ ಒಪ್ಪಿದ ಹುಡುಗನೊಂದಿಗೆ ಮರುದಿನ ಅವಳ ಶಾದಿ. ಒಳಗೆ ಹೆಂಗಸರ ನಡುವೆ ಎರಡೂ ಕೈ ಚಾಚಿ ಕೂತಿದ್ದಳು. ಕೆಂಪಗೆ, ಮೊಣಕೈವರೆಗೆ ಚಿತ್ತಾರ. ಗಂಗಾವತಿಯ ಆ ಅತ್ತೆಯೂ ಪಕ್ಕದಲ್ಲೇ ಇದ್ದಳು. ಈ ಸಲ ಎಲ್ಲರಿಗಿಂತ ಮೊದಲು ಆಕೆಗೇ ಹೇಳಿದ್ದರಂತೆ.

ನಾನು ಹೋಗಿ ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿದೆ, ಅಂದು ಅವಳ ಅಪ್ಪ ತಿರುಗಿಸಿದ ಹಾಗೆ.

ರಜಿಯಾ ನಕ್ಕಳು. "ಲಿಂಬಿಹಣ್ಣು ತಂದೀರೇನ್ರಿ ಮೇಡಂ? ಈ ಸಲ ಎಷ್ಟ ತಿಕ್ಕಿದ್ರೂ ಹೋಗಂಗಿಲ್ಲ ನೋಡ್ರಿ!"